ಮಳೆಗಾಲದ ಬೂಸ್ಟು: ಬೆಳಗಾವಿ ಕಡೆಯ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಿರಗದ ಮಳೆ ಹಿಡಿದು ಹತ್ತು ದಿನಕ್ಕೆ ನಮ್ಮ ಮನೆಯ ಖಡಕ್ ರೊಟ್ಟಿ ಮೆತ್ತಗಾಗುತ್ತದೆ. ಮುರಿದರೆ ಟಪ್ ಅನ್ನಬೇಕಾದ ರೊಟ್ಟಿ ಸುಮ್ನೆ ಬಾಗುತ್ತದೆ. ಆಮೇಲೆ ಡಬ್ಬಿಯಲ್ಲಿ ಉಪ್ಪು ಗಂಟು ಕಟ್ಟುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ. ಇಷ್ಟೆಲ್ಲ ಆದ ಮೇಲೆ ಒಂದು ದಿನ ಕಪಾಟು ತೆಗೆದಾಗ ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತದೆ. ಯಜಮಾನರ ಬೆಲ್ಟಿನ ಮೇಲೆ ಹಸಿರು ಪುಡಿ ಉದುರಿಸಿದ ಹಾಗೆ ಬೂಸ್ಟು ಕೂತಿರುತ್ತದೆ.

ಬೆಳಗಾವಿಯ ಬೇಸಿಗೆ ಮೊದಮೊದಲು ಒಣಗಿದ್ದು. ಆಮೇಲೆ ಅಡ್ಡಮಳೆ ಶುರುವಾಗಿ ಸೆಕೆ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ, ಗಾದಿ, ಬಟ್ಟೆ ಯಾವುದೂ ಪೂರ್ತಿ ಒಣಗುವುದಿಲ್ಲ. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಈ ಕಾಟ ಇನ್ನೂ ಜಾಸ್ತಿ. ಅಥಣಿ, ಗೋಕಾಕ ಕಡೆಯವರಿಗೆ ಕಡಿಮೆ. ಅವರು ಇದರಲ್ಲಿ ಅರ್ಧ ಬಿಟ್ಟು ಓದಬಹುದು.

ಮೊದಲು ಒಂದು ಮಾತು. ಬೂಸ್ಟಿನ ಬೀಜದಂಥ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅವನ್ನು ಮನೆಯಿಂದ ಓಡಿಸಲು ಆಗುವುದಿಲ್ಲ. ಅದಕ್ಕೆ ಬೇಕಾದ ಊಟವೂ ಎಲ್ಲ ಕಡೆ ಇದೆ: ಧೂಳು, ಮರ, ಕಾಗದ, ಚರ್ಮ, ಹತ್ತಿ. ಹವೆಯಂತೂ ನಮ್ಮ ಊರಿನದು ಅದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಕೈಯಲ್ಲಿರುವುದು ನೀರು ಒಂದೇ. ಆದ್ದರಿಂದ ಬೂಸ್ಟು ಕಂಡಾಗ ಏನು ಹಚ್ಚಿ ಒರೆಸಲಿ ಎಂದು ಕೇಳುವ ಮೊದಲು, ಇಲ್ಲಿಗೆ ನೀರು ಎಲ್ಲಿಂದ ಬಂತು ಎಂದು ಕೇಳಿ. ನಾನು ಇದನ್ನು ಕಲಿಯಲು ಮೂರು ಮಳೆಗಾಲ ಬೇಕಾಯಿತು.

ಹೆಜ್ಜೆ 1: ತೇವ ಅಳೆಯಿರಿ

ಗಾಳಿಯ ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಹೈಗ್ರೋಮೀಟರ್ ಅಂತ ಕೇಳಿದರೆ ಕೊಡುತ್ತಾರೆ. ಕೆಲವು ನೂರು ರೂಪಾಯಿಯ ಮಾತು. ಮನೆಯೊಳಗಿನ ತೇವ 60%ಕ್ಕಿಂತ ಕೆಳಗಿದ್ದರೆ ಬೂಸ್ಟಿಗೆ ಕಷ್ಟ. 70% ದಾಟಿ ಹಲವು ದಿನ ಹಾಗೇ ನಿಂತರೆ ಅದಕ್ಕೆ ಹಬ್ಬ. ಜುಲೈನಲ್ಲಿ ಬೆಳಗಾವಿಯ ಮನೆಯನ್ನು 60ರ ಕೆಳಗೆ ಇಡುತ್ತೇನೆ ಎಂದರೆ ಅದು ಆಗದ ಮಾತು. ಆದರೆ ಇಡೀ ಮನೆ 75 ಇದ್ದಾಗ ಒಂದು ಕೋಣೆ ಮಾತ್ರ 88 ತೋರಿಸಿದರೆ, ಕಳ್ಳ ಎಲ್ಲಿದ್ದಾನೆ ಎಂದು ಗೊತ್ತಾಯಿತಲ್ಲ.

ಅಗ್ಗದ ಮೀಟರ್ ಸುಳ್ಳು ಹೇಳುವುದೂ ಉಂಟು. ಅದನ್ನು ಪರೀಕ್ಷಿಸಲು ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಉಸುಕಿನ ಹಾಗೆ ಆಗುವಷ್ಟು ಕೆಲವು ಹನಿ ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳ, ಮೀಟರ್ ಎರಡನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿಯಾಡದಂತೆ ಕಟ್ಟಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೀಟರ್ 75% ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ 5 ಜಾಸ್ತಿ ಹೇಳುತ್ತದೆ ಎಂದು ಲೆಕ್ಕ. ಹಿಂದೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿಬಿಡಿ.

ಹೆಜ್ಜೆ 2: ಮೇ ತಿಂಗಳಲ್ಲೇ ಹೊರಗಿನ ಕೆಲಸ

ಮಳೆ ಶುರುವಾದ ಮೇಲೆ ಗೌಂಡಿ ಸಿಗುವುದಿಲ್ಲ, ಸಿಕ್ಕರೂ ಹಸಿ ಗೋಡೆಗೆ ಏನೂ ಹಿಡಿಯುವುದಿಲ್ಲ. ಮಿರಗ ಹಿಡಿಯುವುದು ಜೂನ್ 7-8ಕ್ಕೆ. ಅದಕ್ಕಿಂತ ಎರಡು ವಾರ ಮೊದಲೇ ಕೆಲಸ ಮುಗಿದಿರಬೇಕು.

ಹಂಚಿನ ಮನೆಯಾದರೆ ಹಂಚು ಕೈಯಾಡಿಸಿ. ಒಡೆದದ್ದು ಕಣ್ಣಿಗೆ ಕಾಣುತ್ತದೆ, ಸರಿದದ್ದು ಕಾಣುವುದಿಲ್ಲ. ಮಧ್ಯಾಹ್ನ ಒಳಗೆ ದೀಪ ಆರಿಸಿ ಮೇಲೆ ನೋಡಿದರೆ ಸೂಜಿಯಷ್ಟು ಬೆಳಕು ಬರುವ ಜಾಗ ತಾನೇ ಹೇಳುತ್ತದೆ. ಹಂಚು ಗೋಡೆಗೆ ಕೂಡುವ ಅಂಚನ್ನು ಮರೆಯಬೇಡಿ. ಸೋರುವುದು ಹೆಚ್ಚಾಗಿ ಅಲ್ಲೇ.

ಸ್ಲ್ಯಾಬಿನ ಮನೆಯಾದರೆ ಮೇಲೆ ನಾಲ್ಕು ಬಕೆಟ್ ನೀರು ಸುರಿದು ಅರ್ಧ ಗಂಟೆ ಬಿಟ್ಟು ಹೋಗಿ ನೋಡಿ. ನೀರು ನಿಂತ ಜಾಗಕ್ಕೆ ಸುತ್ತ ಗೆರೆ ಎಳೆಯಿರಿ. ಅಲ್ಲಿ ಇಳಿಜಾರು ಸರಿ ಮಾಡಿಸಬೇಕು. ಮಳೆನೀರಿನ ಪೈಪಿನ ಬಾಯಿಯಿಂದ ಒಣಗಿದ ಎಲೆ, ಪಾರಿವಾಳದ ಗರಿ ತೆಗೆಯಿರಿ. ಕಿಟಕಿ ಮೇಲಿನ ಸಜ್ಜಾದ ಮೇಲೂ ಹತ್ತಿ ನೋಡಿ. ಅಲ್ಲಿ ಮಣ್ಣು ಕೂತು, ಪಾಚಿ ಬೆಳೆದು, ನೀರು ಗೋಡೆಯ ಕಡೆಗೇ ವಾಲಿರುತ್ತದೆ.

ಇನ್ನು ಪಡುವಣ ಗೋಡೆ. ನಮ್ಮಲ್ಲಿ ಮುಂಗಾರು ನೈಋತ್ಯ, ಪಶ್ಚಿಮದಿಂದ ಬೀಸುತ್ತದೆ. ಮಳೆ ನೆಟ್ಟಗೆ ಬೀಳದೆ ಆ ಗೋಡೆಗೇ ಹೊಡೆಯುತ್ತದೆ. ಹಳೆಯ ಮನೆಗಳ ಕೆಂಪು ಜಂಬಿಟ್ಟಿಗೆ ಕಲ್ಲು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಅದರ ಹೊರಗಿನ ಗಿಲಾವು ಬಿರುಕು ಬಿಟ್ಟಿದ್ದರೆ ಒಳಗಿನ ಬಣ್ಣಕ್ಕೆ ಎಷ್ಟು ದುಡ್ಡು ಸುರಿದರೂ ದಂಡ. ನಮ್ಮ ಮನೆಯಲ್ಲಿ ಆದದ್ದೂ ಅದೇ. ಪಡುವಣ ಕೋಣೆಗೆ ಒಳಗಿನಿಂದ ದುಬಾರಿ ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆ, ಹೊರಗಿನ ಬಿರುಕು ಮುಂದಿನ ವರ್ಷ ನೋಡಿದರಾಯಿತು ಎಂದೆ. ಆಗಸ್ಟ್ ಹೊತ್ತಿಗೆ ಪೇಂಟು ಪೂರಿಯ ಹಾಗೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗಿನಿಂದ ನೀರು ಜಿನುಗಿತು. ಗೋಡೆ ಕುಡಿದ ನೀರಿಗೆ ಹೊರಬರುವ ದಾರಿಯನ್ನೇ ನಾನು ಮುಚ್ಚಿದ್ದೆ.

ಹಳೆಯ ಕಲ್ಲಿನ ಗೋಡೆಗೆ ನನ್ನ ಮತ ಸುಣ್ಣಕ್ಕೇ. ಸುಣ್ಣ ಹಚ್ಚಿದ ಗೋಡೆಗೆ ಉಸಿರಾಡಲು ಆಗುತ್ತದೆ. ಹೊಸ ಸುಣ್ಣದ ಖಾರಕ್ಕೆ ಬೂಸ್ಟು ಸುಲಭವಾಗಿ ಹತ್ತುವುದೂ ಇಲ್ಲ. ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಂಡು ಹಚ್ಚಿ.

ಹೆಜ್ಜೆ 3: ನೀರು ಗೋಡೆಯದೋ, ಗಾಳಿಯದೋ?

ಗೋಡೆ ತಣ್ಣಗೆ, ಹಸಿಹಸಿ ಅನ್ನಿಸುತ್ತಿದೆ. ಹೊರಗಿನಿಂದ ಸೋರಿದ್ದೋ, ಕೋಣೆಯ ಗಾಳಿಯ ತೇವ ಬಂದು ಕೂತದ್ದೋ? ಎರಡಕ್ಕೂ ಮದ್ದು ಬೇರೆ ಬೇರೆ. ತಿಳಿಯುವ ಉಪಾಯ ಸುಲಭ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಥವಾ ದಪ್ಪ ಪ್ಲಾಸ್ಟಿಕ್ಕಿನ ಒಂದೂವರೆ ಅಡಿ ಚೌಕ ತುಂಡು ತೆಗೆದುಕೊಳ್ಳಿ. ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯೊಳಗಿನದು. ಮುಂದೆ ನಮ್ಮ ಕಡೆ ಹನಿ ಕೂತರೆ ಅದು ಕೋಣೆಯ ಗಾಳಿಯದು. ಮೊದಲನೆಯದಕ್ಕೆ ಗೌಂಡಿ ಬೇಕು, ಎರಡನೆಯದಕ್ಕೆ ಕಿಟಕಿ, ಫ್ಯಾನು ಸಾಕು.

ಗೋಡೆಯ ಬುಡದಲ್ಲಿ ಬೆಳ್ಳಗೆ ಹತ್ತಿಯ ಹಾಗೆ ಎದ್ದದ್ದೆಲ್ಲ ಬೂಸ್ಟಲ್ಲ. ಒಂದು ಹನಿ ನೀರು ಹಾಕಿ ನೋಡಿ. ಕರಗಿ ಮಾಯವಾದರೆ ಅದು ಗೋಡೆಯೊಳಗಿನ ಉಪ್ಪು. ಆರೋಗ್ಯಕ್ಕೆ ತೊಂದರೆಯಿಲ್ಲ, ಆದರೆ ನೆಲದಿಂದ ನೀರು ಮೇಲೇರುತ್ತಿದೆ ಎಂದು ಅರ್ಥ. ಗೋಡೆಗೆ ತಾಗಿ ಹೊರಗೆ ಹೂವಿನ ಕುಂಡ, ಮಣ್ಣಿನ ರಾಶಿ ಇದ್ದರೆ ಮೊದಲು ಅದನ್ನು ದೂರ ಸರಿಸಿ.

ನೆರೆ ನೀರು ನಿಂತ ಗೋಡೆಯ ಕಥೆಯೇ ಬೇರೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಎಷ್ಟೋ ಮನೆಗಳಲ್ಲಿ ನೀರು ಹೊಕ್ಕಿತ್ತು. ಅಂಥ ಗೋಡೆ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒಣಗಲು ತಿಂಗಳುಗಟ್ಟಲೆ ಬೇಕು. ಹಬ್ಬ ಬಂತೆಂದು ಅವಸರದಲ್ಲಿ ಬಣ್ಣ ಹೊಡೆಸಬೇಡಿ.

ಹೆಜ್ಜೆ 4: ನಾವೇ ಮಾಡುವ ನೀರನ್ನು ಹೊರಗೆ ಹಾಕಿ

ಮಳೆಯನ್ನು ಬೈಯುತ್ತೇವೆ. ಆದರೆ ಮನೆಯೊಳಗಿನ ನೀರಿನಲ್ಲಿ ನಮ್ಮ ಪಾಲೂ ದೊಡ್ಡದು.

ಗ್ಯಾಸ್ ಒಲೆಯನ್ನೇ ನೋಡಿ. ಅಡುಗೆ ಅನಿಲ ಉರಿದಾಗ ನೀರಿನ ಆವಿ ಹುಟ್ಟುತ್ತದೆ. 1 ಕಿಲೋ ಅನಿಲಕ್ಕೆ ಸುಮಾರು 1.6 ಕಿಲೋ ನೀರು. 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವ ಹೊತ್ತಿಗೆ ಅಡುಗೆಮನೆಯ ಗಾಳಿಗೆ 22 ಲೀಟರಿಗಿಂತ ಜಾಸ್ತಿ ನೀರು ಸೇರಿರುತ್ತದೆ. ದೊಡ್ಡ ಕೊಡದಷ್ಟು! ಅನ್ನ, ಬೇಳೆ ಕುದಿಯುವ ಉಗಿ ಇದರ ಲೆಕ್ಕದಲ್ಲಿಲ್ಲ. ಹಾಗಾಗಿ ಒಲೆ ಹಚ್ಚುವಾಗಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಆರಿಸಿದ ಮೇಲೂ ಹತ್ತು ನಿಮಿಷ ಓಡಲಿ. ಪಾತ್ರೆಗೆ ಮುಚ್ಚಳ ಹಾಕಿ. ಎಕ್ಸಾಸ್ಟ್ ಇಲ್ಲದಿದ್ದರೆ ಅಡುಗೆಮನೆಯಿಂದ ಒಳಕೋಣೆಗೆ ಹೋಗುವ ಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆಗೆಯಿರಿ.

ಎರಡನೆಯದು ಬಟ್ಟೆ. ಒಮ್ಮೆ ಕುತೂಹಲಕ್ಕೆ ಮಷೀನಿನಿಂದ ತೆಗೆದ ಬಟ್ಟೆಯನ್ನು ತೂಗಿದೆ. ಒಣಗಿದ ಮೇಲೆ ಮತ್ತೆ ತೂಗಿದೆ. ಎರಡು ಕಿಲೋಗಿಂತ ಜಾಸ್ತಿ ವ್ಯತ್ಯಾಸ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರೆ ಎರಡು ಲೀಟರ್ ನೀರನ್ನು ಗೋಡೆಗೆ ಎರಚಿದ ಹಾಗೇ ಅಲ್ವಾ? ಒಳಗೆ ಹಾಕದೆ ಗತಿಯಿಲ್ಲ, ಅದು ನನಗೂ ಗೊತ್ತು. ಆದರೆ ಮನೆ ತುಂಬ ಹರಡಬೇಡಿ. ಒಂದೇ ಕೋಣೆ ಆರಿಸಿಕೊಳ್ಳಿ. ಅದರ ಒಳಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆಗೆದು, ಫ್ಯಾನ್ ಹಾಕಿ. ಬಟ್ಟೆಗಳ ನಡುವೆ ಅಂಗೈ ಅಗಲ ಜಾಗ ಬಿಡಿ. ಮಷೀನಿನಲ್ಲಿ ಎರಡನೇ ಸಲ ಬರೀ ಸ್ಪಿನ್ ಹಾಕಿದರೆ ಅರ್ಧ ದಿನ ಉಳಿಯುತ್ತದೆ.

ಕೂಸಿನ ಅರಿವೆ ಒಣಗಿಸಲು ಸಿಗಡಿಯ ಮೇಲೆ ಬುಟ್ಟಿ ಬೋರಲು ಹಾಕುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಮುಚ್ಚಿದ ಕೋಣೆಯಲ್ಲಿ ಮಾತ್ರ ಅದನ್ನು ಮಾಡಲೇಬೇಡಿ. ಇದ್ದಲಿನ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.

ಬಚ್ಚಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ನಾನದ ನಂತರ ವೈಪರ್‌ನಿಂದ ಗೋಡೆ, ನೆಲದ ನೀರು ಎಳೆದುಬಿಡಿ. ಎಕ್ಸಾಸ್ಟ್ ಅರ್ಧ ಗಂಟೆ ಓಡಲಿ. ಒದ್ದೆ ಟವೆಲ್ ಅಲ್ಲಿ ಬಿಡಬೇಡಿ.

ಹೆಜ್ಜೆ 5: ಕಿಟಕಿ ಯಾವಾಗ ತೆಗೆಯಬೇಕು?

ದಿನವಿಡೀ ಕಿಟಕಿ ತೆಗೆದಿಡಿ ಎನ್ನುವವರೂ ಇದ್ದಾರೆ, ಮಳೆಗಾಲದಲ್ಲಿ ಮುಚ್ಚಿಯೇ ಇಡಿ ಎನ್ನುವವರೂ ಇದ್ದಾರೆ. ಇಬ್ಬರದೂ ಅರ್ಧ ಸರಿ. ಹೊರಗೆ ಜಿಟಿಜಿಟಿ ಮಳೆ, ಮಂಜು ಇದ್ದಾಗ ಗಾಳಿಯಲ್ಲಿ ತೇವ 95% ಇರಬಹುದು. ಆದರೆ ಆ ಗಾಳಿ ತಣ್ಣಗಿರುತ್ತದೆ. 22 ಡಿಗ್ರಿಯ ಆ ಗಾಳಿ ಒಳಗೆ ಬಂದು 26 ಡಿಗ್ರಿಗೆ ಬೆಚ್ಚಗಾದರೆ ಅದರ ತೇವ ಸುಮಾರು 75%ಕ್ಕೆ ಇಳಿಯುತ್ತದೆ. ಅಡುಗೆ, ಸ್ನಾನ, ಬಟ್ಟೆಯಿಂದ ಒಳಗೆ 85 ಆಗಿದ್ದರೆ ಹೊರಗಿನ ಗಾಳಿಯೇ ಮೇಲು. ಹೀಗಾಗಿ ನನ್ನ ಪದ್ಧತಿ ಇಷ್ಟು: ಅಡುಗೆ, ಸ್ನಾನದ ಹೊತ್ತಿನಲ್ಲಿ ಎದುರುಬದುರಿನ ಕಿಟಕಿ ತೆಗೆದು ಇಪ್ಪತ್ತು ನಿಮಿಷ ಗಾಳಿ ಹಾಯಿಸುವುದು. ಮಳೆ ಬಿಡುವು ಕೊಟ್ಟು ಬಿಸಿಲು ಇಣುಕಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ಎಲ್ಲ ತೆಗೆಯುವುದು. ರಾತ್ರಿ ಮುಚ್ಚುವುದು.

ಎಸಿ ಇದ್ದವರು ಡ್ರೈ ಮೋಡ್ ಹಾಕಿಕೊಳ್ಳಿ. ತೇವ ಹೀರುವ ಡಿಹ್ಯೂಮಿಡಿಫೈಯರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬೆಲೆ ಜಾಸ್ತಿ. ಮನೆಯಲ್ಲಿ ಉಬ್ಬಸದವರು ಇದ್ದರೆ ಮಾತ್ರ ನಾನು ಅದಕ್ಕೆ ದುಡ್ಡು ಹಾಕಿ ಅನ್ನುತ್ತೇನೆ. ಬಟ್ಟಲಲ್ಲಿ ಹರಳುಪ್ಪು ಇಡಿ, ಅಕ್ಕಿ ಇಡಿ ಎನ್ನುವ ಸಲಹೆ ಬಿಡಿ. ಉಪ್ಪು ನೀರು ಹೀರಲು ಶುರು ಮಾಡುವುದೇ 75% ದಾಟಿದ ಮೇಲೆ. ಒಂದು ಕೋಣೆಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹೆಜ್ಜೆ 6: ಕಪಾಟು, ಗಾದಿ

ಗೋಡೆಗೆ ಒತ್ತಿಟ್ಟ ಕಪಾಟಿನ ಬೆನ್ನಿಗೆ ಗಾಳಿಯೇ ಇಲ್ಲ. ನಾಲ್ಕು ಬೆರಳು ಜಾಗ ಬಿಡಿ. ಪಡುವಣ ಗೋಡೆಗೆ ತಿಜೋರಿ ಇಡಲೇಬೇಡಿ. ಒಳಗೋಡೆಗೆ ಸರಿಸಿ. ಕಪಾಟಿನಲ್ಲಿ ಬಟ್ಟೆ ತುರುಕಬೇಡಿ. ವಾರಕ್ಕೊಮ್ಮೆ ಬಾಗಿಲು ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟರೆ ಅರ್ಧ ಗಂಟೆಯಲ್ಲಿ ಮುಗ್ಗಲು ಹೋಗುತ್ತದೆ. ಕಪಾಟಿನೊಳಗೆ ಬಲ್ಬು ಹಚ್ಚಿಡುವ ಹಳೆಯ ಉಪಾಯ ಈಗ ನಡೆಯುವುದಿಲ್ಲ. ಎಲ್‌ಇಡಿ ಬಲ್ಬಿಗೆ ಆ ಕಾವಿಲ್ಲ. ಹಳೆಯ ಬಲ್ಬು ಬಟ್ಟೆಗೆ ತಾಗಿದರೆ ಬೆಂಕಿ.

ಮುಚ್ಚಿದ ಸಣ್ಣ ಜಾಗಕ್ಕೆ ಕ್ಯಾಲ್ಸಿಯಂ ಕ್ಲೋರೈಡಿನ ತೇವ ಹೀರುವ ಡಬ್ಬಿ ಒಳ್ಳೆಯದು. ಅದರಲ್ಲಿ ತುಂಬುವ ನೀರು ಬಟ್ಟೆ ಮೇಲೆ ಚೆಲ್ಲದಂತೆ ತಳದಲ್ಲಿ ಇಡಿ. ನುಸಿ ಗುಳಿಗೆ ಹುಳಕ್ಕೆ ಸರಿ, ಬೂಸ್ಟಿಗೆ ಅಲ್ಲ. ಎಳೆಗೂಸಿನ ಬಟ್ಟೆಯಲ್ಲಂತೂ ಅದು ಬೇಡ.

ನೆಲದ ಮೇಲೆ ಗಾದಿ ಹಾಸಿ ಮಲಗುವವರು ಬೆಳಗ್ಗೆ ಅದನ್ನು ಎತ್ತಿ ನಿಲ್ಲಿಸಲೇಬೇಕು. ಮೈಯ ಕಾವು, ಬೆವರು ಗಾದಿಯಲ್ಲಿ ಇಳಿದು ತಣ್ಣನೆಯ ಫರಸಿಗೆ ತಾಗಿ ಅಲ್ಲೇ ನೀರಾಗುತ್ತದೆ.

ಹೆಜ್ಜೆ 7: ಸೀರೆ ಮತ್ತು ಚಪ್ಪಲಿ

ನನ್ನ ಹತ್ತಿರ ಅವ್ವನ ಒಂದು ಇಳಕಲ್ ಸೀರೆ ಇದೆ. ಒಡಲು ಹತ್ತಿ, ಸೆರಗು ರೇಷ್ಮೆ. ಒಂದು ವರ್ಷ ಅದನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಸಿ, ಧೂಳು ಕೂರಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟೆ. ಶ್ರಾವಣದಲ್ಲಿ ಉಡಲು ತೆಗೆದರೆ ಮಡಿಕೆಯುದ್ದಕ್ಕೂ ಸಾಸಿವೆಯಷ್ಟು ಕಪ್ಪು ಚುಕ್ಕಿ. ಸೆರಗಿಗೆ ಒಂದೂ ಇಲ್ಲ, ಎಲ್ಲ ಒಡಲಿನಲ್ಲೇ. ದೊಡ್ಡವ್ವ ನೋಡಿ ನಕ್ಕಳು. "ಗಂಜಿ ಹಾಕಿ ಇಟ್ಟಿ ಏನವ್ವಾ? ಬೂಸ್ಟಿಗೆ ಊಟಕ್ಕ ಕರದಂಗ ಆತು ನೋಡು" ಅಂದಳು. ಅವಳ ಮಾತು ನಿಜ. ಗಂಜಿ ಅಂದರೆ ಪಿಷ್ಟ, ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ಮೇಲೆ ಪ್ಲಾಸ್ಟಿಕ್ ಬೇರೆ.

ಈಗ ಮಾಡುವುದು ಹೀಗೆ. ಮೇ ತಿಂಗಳಲ್ಲಿ ಸೀರೆಗಳನ್ನು ಗಂಜಿಯಿಲ್ಲದೆ ಒಗೆದು, ನೆರಳಲ್ಲಿ ಪೂರ್ತಿ ಒಣಗಿಸುತ್ತೇನೆ. ಇಸ್ತ್ರಿಯ ಬಿಸಿ ಆರಿದ ಮೇಲೆ ಮಡಿಚಿ, ಹಳೆಯ ಬಿಳಿ ಧೋತರದ ತುಂಡಿನಲ್ಲಿ ಸುತ್ತಿ ಇಡುತ್ತೇನೆ. ಜರಿ ಸೀರೆಗಳ ಮಡಿಕೆ ತಿಂಗಳಿಗೊಮ್ಮೆ ಬದಲಿಸುತ್ತೇನೆ. ಬೇವಿನ ಎಲೆ ಹಾಕುವವರು ಒಣಗಿಸಿ ಹಾಕಿ. ಹಸಿ ಎಲೆ ಅಂದರೆ ಕಪಾಟಿಗೆ ನಾವೇ ನೀರು ತಂದಿಟ್ಟ ಹಾಗೆ. ಗಂಜಿ ಬೇಕಾದರೆ ಉಡುವ ಹಿಂದಿನ ದಿನ.

ಕೊಲ್ಹಾಪುರಿ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿಯಲ್ಲೂ ತಯಾರಾಗುತ್ತದೆ. ಗಿಡದ ತೊಗಟೆ, ಕಾಯಿಯಿಂದ ಹದ ಮಾಡಿದ ಈ ಚರ್ಮಕ್ಕೆ ಬೂಸ್ಟು ಬಹಳ ಬೇಗ ಹತ್ತುತ್ತದೆ. ಮಳೆಯಲ್ಲಿ ಮೆಟ್ಟಬೇಡಿ. ಒರೆಸಿ, ಫ್ಯಾನಿನ ಗಾಳಿಗೆ ಒಣಗಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಎತ್ತರದ ಜಾಗದಲ್ಲಿಡಿ. ಪೇಪರ್ ಹದಿನೈದು ದಿನಕ್ಕೊಮ್ಮೆ ಬದಲಿಸಿ.

ಹೆಜ್ಜೆ 8: ಶೇಂಗಾ ಡಬ್ಬಿ

ಬೂಸ್ಟು ಹಿಡಿದ ಚಪ್ಪಲಿಯನ್ನು ಒರೆಸಿ ಮೆಟ್ಟಬಹುದು. ಬೂಸ್ಟು ಹಿಡಿದ ಶೇಂಗಾ ಮಾತ್ರ ತಿನ್ನಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಶೇಂಗಾ, ಮೆಕ್ಕೆಜೋಳ, ಒಣ ಮೆಣಸಿನಕಾಯಿಗೆ ಹತ್ತುವ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಲಿವರ್ ಹಾಳು ಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುರಿದರೆ, ಕುದಿಸಿದರೆ ಪೂರ್ತಿ ಹೋಗುವುದಿಲ್ಲ. ಹುರಿದು ಖಾರ ಹಾಕಿ ಚಟ್ನಿ ಕುಟ್ಟಿದರೆ ವಾಸನೆ ಮುಚ್ಚಿಹೋಗುತ್ತದೆ ಅಷ್ಟೇ, ವಿಷ ಅಲ್ಲೇ ಇರುತ್ತದೆ. ಕಪ್ಪಾದ, ಸುಕ್ಕುಗಟ್ಟಿದ, ಹಸಿರು ಪುಡಿ ಹತ್ತಿದ ಕಾಳು ಎಸೆಯಿರಿ. ಒಂದು ಕಾಳು ಬಾಯಿಗಿಟ್ಟಾಗ ಕಹಿ ಅನ್ನಿಸಿದರೆ ಉಗುಳಿ, ಆ ಡಬ್ಬಿಯ ಆಸೆ ಬಿಡಿ.

ಮಳೆಗಾಲದಲ್ಲಿ ಶೇಂಗಾ ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ. ತಂದ ದಿನವೇ ಹುರಿದು, ಆರಿಸಿ, ಬಿಗಿ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕೂತು ಎಲ್ಲ ವ್ಯರ್ಥ.

ಹೆಜ್ಜೆ 9: ಬಂದೇ ಬಿಟ್ಟರೆ

ಮೂರಡಿ ಉದ್ದ, ಮೂರಡಿ ಅಗಲದೊಳಗಿನ ಕಲೆಯಾದರೆ ನಾವೇ ತೆಗೆಯಬಹುದು. ಅದಕ್ಕಿಂತ ದೊಡ್ಡದಾದರೆ, ಅಥವಾ ಮನೆಯಲ್ಲಿ ಉಬ್ಬಸದವರು, ಎಳೆ ಮಕ್ಕಳು ಇದ್ದರೆ, ಕೆಲಸ ಬಲ್ಲವರನ್ನು ಕರೆಸಿ. ಎನ್-95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಿಟಕಿ ತೆಗೆಯಿರಿ, ಫ್ಯಾನ್ ಆರಿಸಿ.

ಒಣ ಬ್ರಶ್ಶಿನಿಂದ ಉಜ್ಜಬೇಡಿ, ಪೊರಕೆ ಆಡಿಸಬೇಡಿ. ಇಡೀ ಮನೆಗೆ ಬಿತ್ತನೆ ಮಾಡಿದ ಹಾಗೆ ಆಗುತ್ತದೆ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ. ಆಮೇಲೆ ಬಟ್ಟೆ ಒಗೆಯುವ ಪುಡಿ ಕಲಸಿದ ಬಿಸಿನೀರಿನಿಂದ ತಿಕ್ಕಿ, ಶುದ್ಧ ನೀರಿನ ಬಟ್ಟೆಯಿಂದ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಟೈಲ್ಸ್, ಗಾಜಿಗೆ ಬ್ಲೀಚ್ ಆದೀತು. ಗಿಲಾವು, ಮರಕ್ಕೆ ಅದರಿಂದ ಮೇಲಿನ ಬಣ್ಣ ಹೋಗುತ್ತದೆ, ಬೇರು ಒಳಗೇ ಉಳಿಯುತ್ತದೆ. ಬ್ಲೀಚಿನ ಜೊತೆ ಪಾಯಿಖಾನೆ ತೊಳೆಯುವ ಆ್ಯಸಿಡ್, ವಿನೆಗರ್, ಅಮೋನಿಯಾ ಯಾವುದನ್ನೂ ಕೂಡಿಸಬೇಡಿ. ವಿಷದ ಗಾಳಿ ಏಳುತ್ತದೆ. ವಿನೆಗರ್ ಬಳಸುವವರಿಗೆ ಇನ್ನೊಂದು ಮಾತು: ಶಹಾಬಾದ್ ಫರಸಿ ಸುಣ್ಣಕಲ್ಲು. ಹುಳಿ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ.

ಒದ್ದೆಯಾಗಿ ಬೂಸ್ಟು ಹಿಡಿದ ಹತ್ತಿ ದಿಂಬು, ರಟ್ಟಿನ ಪೆಟ್ಟಿಗೆ, ಪ್ಲೈವುಡ್ಡನ್ನು ಉಳಿಸಿಕೊಳ್ಳಲು ಹೆಣಗಬೇಡಿ. ಯಾವುದೇ ವಸ್ತು ನೆನೆದರೂ ಒಂದು-ಎರಡು ದಿನದೊಳಗೆ ಒಣಗಿಸಿದರೆ ಬೂಸ್ಟು ಹತ್ತುವುದಿಲ್ಲ, ಆ ಹೊತ್ತು ಕಳೆದುಕೊಳ್ಳಬೇಡಿ. ಕಲೆಯ ಮೇಲೆ ಬಣ್ಣ ಹೊಡೆಯುವುದಂತೂ ಬೇಡವೇ ಬೇಡ.

ಹೆಜ್ಜೆ 10: ಪೆನ್ಸಿಲ್ ಗೆರೆ

ಜುಲೈ ಕೊನೆಗೆ, ಪುಷ್ಯ ಮಳೆ ಜೋರಾಗಿರುವಾಗ, ಒಂದು ಪೆನ್ಸಿಲ್ ಹಿಡಿದು ಮನೆಯೊಳಗೆ ಸುತ್ತು ಹಾಕಿ. ಗೋಡೆಯ ಹಸಿ ಎಲ್ಲಿಯ ತನಕ ಬಂದಿದೆಯೋ ಅದರ ಅಂಚಿಗೆ ತೆಳ್ಳಗೆ ಗೆರೆ ಎಳೆದು ತಾರೀಖು ಬರೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಆಗಸ್ಟಿನಲ್ಲಿ ಹಸಿ ಆ ಗೆರೆ ದಾಟಿದ್ದರೆ ಇನ್ನೊಂದು ಗೆರೆ. ಅಕ್ಟೋಬರ್ ಬಿಸಿಲಿಗೆ ಎಲ್ಲ ಒಣಗಿ ಗೋಡೆ ಏನೂ ಆಗಿಲ್ಲದ ಹಾಗೆ ನಿಲ್ಲುತ್ತದೆ. ಮೇ ತಿಂಗಳಲ್ಲಿ ಗೌಂಡಿ ಬಂದು ಗೋಡೆ ತಟ್ಟಿ ನೋಡಿ, "ಎಲ್ಲಿ ಸೋರತೈತ್ರಿ ಅಕ್ಕಾರ, ಛಲೋ ಅದ ಅಲ್ಲಾ?" ಅನ್ನುತ್ತಾನೆ. ಆಗ ಆ ಗೆರೆ ತೋರಿಸಿ.